ಬಟ್ಟೆ ಇನ್ನೂ ಒದ್ದೆ

ಹಲ್ ಊರಿನ ಹೆಸಲ್ ರಸ್ತೆಯಲ್ಲಿ
ಮೀನು ಕರಿಯುವ ಅಂಗಡಿಯ ಪಕ್ಕ
ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿ.
ಹದಿನಾರು ಯಂತ್ರ. ಹದಿನಾಲ್ಕು ತಿರುಗುತ್ತವೆ.
ರಾತ್ರಿಪಾಳಿ ಮುಗಿಸಿ, ಆಸ್ಪತ್ರೆಯ ನೀಲಿ ಅಂಗಿಗಳ
ಗಂಟು ಹೊತ್ತು ನಾನಲ್ಲಿಗೆ ಹೋಗುತ್ತೇನೆ.
ಗಂಟು ಬಿಚ್ಚಿ ಎಣಿಸಿಕೊಳ್ಳುವವಳು ಬೆರಿಲ್ ಸ್ಟಾಥರ್ಸ್,
ವಯಸ್ಸು ಐವತ್ತೆಂಟು,
ಎಡಮಂಡಿ ನೋವು, ಬಲಗಿವಿ ಮಂದ,
ಬಿಡುವಾದರೆ ಹೆಗಲಿಗೆ ಅಕಾರ್ಡಿಯನ್.

ಲಂಡನ್ನಿನ ರೇಡಿಯೋಗೆ ಇಪ್ಪತ್ತೆರಡು ಕ್ಯಾಸೆಟ್ ಕಳಿಸಿದ್ದಳಂತೆ,
ಆಮೇಲೆ ಸಿ.ಡಿ., ಆಮೇಲೆ ಏನೂ ಇಲ್ಲ.
ಒಂದಕ್ಕೆ ಮಾತ್ರ ಉತ್ತರ ಬಂತು:
‘ದನಿ ಚೆನ್ನಾಗಿದೆ. ಹಿಂದೆ ಏನೋ ಗುಂಯ್‌ಗುಡುತ್ತಿದೆ.’
ಗುಂಯ್‌ಗುಟ್ಟಿದ್ದು ಒಂಬತ್ತನೇ ನಂಬರಿನ ಯಂತ್ರ.
‘ಅದನ್ನು ತೆಗೆದರೆ ಹಾಡಿನಲ್ಲಿ ಉಳಿಯುವುದೇನು?’
ಅಂದಳು ನನಗೆ, ಕಾಲುಚೀಲದ ಜೋಡಿ ಹುಡುಕುತ್ತ.
ಟಿ.ವಿ.ಯವರು ಒಮ್ಮೆ ಬಂದಿದ್ದರು,
ಮೀನುಬಂದರಿನ ಚಿತ್ರ ತೆಗೆಯಲು;
ಅವಳನ್ನು ಚೌಕಟ್ಟಿನಿಂದ ಸ್ವಲ್ಪ ಆಚೆ ನಿಲ್ಲಿಸಿದರು.

ಈ ಊರಿನವರು ಮೊದಲಿಂದಲೂ ಹಟದವರು.
ದೇಶದ ಫೋನ್ ಡಬ್ಬಿಗಳೆಲ್ಲ ಕೆಂಪಗಿದ್ದರೆ
ಇಲ್ಲಿಯವು ಕೆನೆಬಣ್ಣ.

ಅವಳಿಗೆ ನನ್ನಜ್ಜಿಯ ವಿಷಯ ಹೇಳಿದ್ದು ಯಾಕೋ ನೆನಪಿಲ್ಲ.
ಬಹುಶಃ ಹೊರಗೆ ಗಾಳಿ, ಡ್ರೈಯರ್ ಒಂದೂ ಖಾಲಿ ಇರಲಿಲ್ಲ.
ಅಜ್ಜಿ ಊರ ಬಟ್ಟೆ ಒಗೆಯುತ್ತಿದ್ದಳು.
ಅಕ್ಷರ ಬಾರದು. ಕೇರುಬೀಜ ಚುಚ್ಚಿ ತೆಗೆದ ಕಪ್ಪಿನಲ್ಲಿ
ಸೆರಗಿನ ಮೂಲೆಗೊಂದು ಗುರುತು:
ಗೌಡರ ಮನೆಗೆ ಮೂರು ಚುಕ್ಕಿ, ಶಾನುಭೋಗರಿಗೆ ಕೊಕ್ಕೆ,
ಮೇಷ್ಟ್ರಿಗೆ ಅರ್ಧಚಂದ್ರ.
ಹಿತ್ತಿಲಲ್ಲಿ ನಿಂತು ಕೊಟ್ಟು ಬರುತ್ತಿದ್ದಳು;
ತಲೆಬಾಗಿಲು ಅವಳಿಗೆಂದು ತೆರೆದದ್ದಿಲ್ಲ.
ಅವಳು ಹಾಕಿದ ಗುರುತು ಮಾತ್ರ
ನಡುಮನೆ ದಾಟಿ ಪೆಟ್ಟಿಗೆಯ ತಳದವರೆಗೂ ಹೋಗುತ್ತಿತ್ತು.

ಬೆರಿಲ್ ಅದನ್ನು ಎರಡು ಸಲ ಹೇಳಿಸಿದಳು.
ಬಲಗಿವಿ ಮಂದ ಅಂದೆನಲ್ಲ.

ಮುಂದಿನ ವಾರ ನನ್ನ ಅಂಗಿಯ ಕೊರಳಪಟ್ಟಿಗೆ
ಪಿನ್ನು ಚುಚ್ಚಿದ ಚೀಟಿ, ಅದರ ತುಂಬ
ಇರುವೆ ಮುತ್ತಿದ ರಂಗೋಲಿಯಂಥ ಚೌಕ.
ಫೋನ್ ಹಿಡಿದೆ. ಹಾಡಿತು.
ಅವಳ ದನಿ, ಹಿಂದೆ ಒಂಬತ್ತನೇ ಯಂತ್ರದ ಶ್ರುತಿ.

ಚೀಟಿ ಹೋಯಿತು ಮಡಿಕೆ ಮಡಿಕೆಯಲ್ಲಿ.
ಲಾರಿಯವನ ಹೊದಿಕೆಯೊಳಗೆ ರಾಟರ್‌ಡ್ಯಾಮಿನ ಹಡಗು ಹತ್ತಿತು.
ಅತಿಥಿಗೃಹದ ದಿಂಬುಗವಸಿನಲ್ಲಿ
ನಿದ್ದೆ ಬಾರದ ಯಾವನೋ ಕಾರ್ಪೆಟ್ ವ್ಯಾಪಾರಿಯ ಕೆನ್ನೆಗೆ ಚುಚ್ಚಿತು;
ಬೈಯಲೆಂದು ಫೋನ್ ಎತ್ತಿದವನು
ಬೆಳಗಿನವರೆಗೆ ಕೇಳಿದನಂತೆ.
ನನ್ನ ವಾರ್ಡಿನಲ್ಲಿ, ಮೀನುಹಡಗಿನ ಹಳೆಯ ಆಳು
ಮಿಸ್ಟರ್ ಡ್ರೂರಿ, ನನ್ನ ಕೊರಳು ನೋಡಿ
‘ಬೆಲೆಚೀಟಿ ಕಿತ್ತಿಲ್ಲವಲ್ಲೇ ತಾಯಿ’ ಅಂದ.
ಹಾಡು ಹಾಕಿದೆ. ಕಣ್ಣು ಮುಚ್ಚಿದ. ಮುಗಿದ ಮೇಲೆ
‘ಆ ಗುಂಯ್ ಅನ್ನೋದು ಯಾವ ಹಡಗಿನ ಎಂಜಿನ್ನು?’
ನಾನು ಹೇಳಲಿಲ್ಲ.

ಮೊನ್ನೆ ಮಂಗಳವಾರ ಮೂವತ್ತೊಂದು ಜನ.
ಅಂಗಡಿಯ ಒಡೆಯ ಝಿಗ್ಮಂಟ್ ಶರತ್ತು ಹಾಕಿದ:
ಕೂರಬೇಕಾದರೆ ಒಗೆಯಬೇಕು.
ಕೊಳೆಬಟ್ಟೆ ತಂದರು; ಕೊಳೆ ಇಲ್ಲದವರು
ಒಗೆದದ್ದನ್ನೇ ತಂದರು.
ಒಬ್ಬ ಕಿಟಕಿಯ ಪರದೆ ಬಿಚ್ಚಿಕೊಂಡು ಬಂದಿದ್ದ.
ಹಾಡಿದಳು. ಯಂತ್ರಗಳು ಹಿಂಡತೊಡಗಿದಾಗ ನಿಲ್ಲಿಸಿದಳು,
ಆ ಅಬ್ಬರದೆದುರು ಯಾವ ವಾದ್ಯವೂ ಕೇಳದು.
ನಾಲ್ಕು ನಿಮಿಷ ಸುಮ್ಮನೆ ಕೂತೆವು,
ದುಂಡುಗಾಜಿನೊಳಗೆ ನಮ್ಮ ನಮ್ಮ ತೋಳು ಕಾಲುಗಳು
ಪರಿಚಯವಿಲ್ಲದವರದನ್ನು ಅಪ್ಪಿ ಸುತ್ತುವುದನ್ನು ನೋಡುತ್ತ.
ಎದ್ದು ಹೋಗಬಹುದಿತ್ತು. ಯಾರೂ ಹೋಗಲಿಲ್ಲ.
ಬಟ್ಟೆ ಇನ್ನೂ ಒದ್ದೆ.

ಬಕೆಟ್ಟಿನಲ್ಲಿ ಬಿದ್ದದ್ದು ನಲವತ್ತು ಪೌಂಡು ಚಿಲ್ಲರೆ,
ನಾರ್ವೆಯದೊಂದು ನಾಣ್ಯ, ಒಂದು ಗುಂಡಿ.
ಗುಂಡಿಯನ್ನು ದೀಪಕ್ಕೆ ಹಿಡಿದು ನೋಡಿ
‘ಇದು ಆ ಪರದೆಯವನ ಕೋಟಿನದು’ ಅಂದಳು,
ಸೂಜಿ ಹುಡುಕಲು ಒಳಗೆ ಹೋದಳು.