ಮಾರ್ಜಿನ್ ಬಟ್ಟೆ

ಡಡ್ಲಿ ರಸ್ತೆಯ ಮೂಲೆಯಲ್ಲಿ ನನ್ನ ಅಂಗಡಿ.
ಎಡಕ್ಕೆ ಕಿತ್ತಳೆ ಬಣ್ಣದ ಚಿಪ್ಸ್ ಕರಿಯುವವರು,
ಬಲಕ್ಕೆ ಶವಪೆಟ್ಟಿಗೆಯವರು. ನಡುವೆ ನಾನು,
ವುಲ್ವರ್‌ಹ್ಯಾಂಪ್ಟನ್ನಿನ ಗಂಡಸರ ಸೊಂಟ ಬಿಚ್ಚುವವನು.

ಹೊಲಿಯುವುದು ಈಗ ಕಡಿಮೆ. ಬಿಚ್ಚುವುದೇ ಕಸುಬು.
ಹಿಂದಿನ ನಡುಹೊಲಿಗೆಗೆ ಬ್ಲೇಡಿನ ತುದಿ,
ಟಿಕ್, ಟಿಕ್, ಟಿಕ್, ದಾರ ಕಡಿದಂತೆ
ಒಳಗೆ ಮಡಿಸಿಟ್ಟ ಬಟ್ಟೆ ಹೊರಗೆ ಬರುತ್ತದೆ,
ಬಿಸಿಲು ಕಾಣದ್ದು, ಇನ್ನೂ ಥಾನಿನ ಬಣ್ಣದ್ದು.
ಗದಗಿನಲ್ಲಿ ಅಪ್ಪ ಹೇಳುತ್ತಿದ್ದ: ಎರಡಿಂಚು ಬಿಡು ಮಗಾ,
ಮನುಷ್ಯ ಅಂದಮೇಲೆ ಉಣ್ಣುತ್ತಾನೆ.
ಆಗೆಲ್ಲ ಮದುವೆಯ ಪ್ಯಾಂಟು
ಅರವತ್ತರ ಶಾಂತಿಗೂ ಆಗುತ್ತಿತ್ತು.

ಡೆಸ್ ಹೋಲ್ಡನ್‌ನ ಪ್ಯಾಂಟು ವರ್ಷಕ್ಕೆರಡು ಸಲ ಬರುತ್ತದೆ.
ಬಸ್ಸು ಓಡಿಸುತ್ತಾನೆ; ಇಪ್ಪತ್ತಾರು ವರ್ಷ, ಅದೇ ಸೀಟು.
ಕೈಕಾಲು ನುಗ್ಗೆಕಾಯಿ. ಕೆನ್ನೆಯಲ್ಲಿ ಎಲುಬು.
ದೂರದಿಂದ ನೋಡಿದವರು ಸಣಕಲ ಅಂದಾರು.
ಹೊಟ್ಟೆ ಮಾತ್ರ ಮದ್ದಳೆ.

ಬೆರಳಿಗೆ ಗೊತ್ತಾಗುತ್ತದೆ, ಎರಡು ಬಗೆ.
ಒಂದು ಚರ್ಮದ ಕೆಳಗಿನದು, ನಾದಿದ ಹಿಟ್ಟು,
ಟೇಪು ಎಳೆದರೆ ಜಾಗ ಬಿಡುತ್ತದೆ, ಹಿಂಡಿದರೆ ಮುಷ್ಟಿಗೆ ಬರುತ್ತದೆ,
ಎಲ್ಲರಿಗೂ ಕಾಣುತ್ತದೆ, ಎಲ್ಲರಿಂದ ಬೈಸಿಕೊಳ್ಳುತ್ತದೆ.
ಇನ್ನೊಂದು ಕೈಗೆ ಸಿಗುವುದಿಲ್ಲ.
ಸ್ನಾಯುವಿನ ಗೋಡೆಯಾಚೆ, ಕರುಳಿನ ಸಂದಿಯಲ್ಲಿ
ಚಾಪೆ ಹಾಸಿಕೊಂಡ ನೆಂಟ.
ಸುಮ್ಮನೆ ಕೂರುವ ಪೈಕಿಯಲ್ಲ.
ಹಗಲೂ ರಾತ್ರಿ ಯಕೃತ್ತಿನ ಹಿತ್ತಿಲಿಗೆ
ಎಣ್ಣೆಯ ಕೊಡ ಹೊತ್ತು ಹಾಕುತ್ತಾನೆ,
ರಕ್ತದ ಕಿವಿಯಲ್ಲಿ ಚಾಡಿ ಊದುತ್ತಾನೆ,
ಇನ್ಸುಲಿನ್ ಬಂದು ಕದ ಬಡಿದರೆ
ಒಬ್ಬರೂ ಏಳದ ಹಾಗೆ ಮಾಡುತ್ತಾನೆ.

ಇದು ನನ್ನ ತಿಳಿವಳಿಕೆಯಲ್ಲ, ನರ್ಸ್ ಇಫೆಯೋಮಾಳದ್ದು.
ಕೋಟಿಗೆ ಗುಂಡಿ ಹಾಕಿಸಲು ಬಂದವಳು
ನನ್ನ ಟೇಪು ನೋಡಿ ನಕ್ಕಳು: ನನ್ನದೂ ಇದೇ ಆಯುಧ.
ತಕ್ಕಡಿಯನ್ನು ನಂಬಬೇಡಿ, ಅದಕ್ಕೆ ಒಳಗು ಹೊರಗು ಗೊತ್ತಿಲ್ಲ.
ನಿಮ್ಮ ಕಡೆಯ ಗಂಡಸರು ಮೂವತ್ತೈದೂವರೆ ದಾಟಿದರೆ
ನಮ್ಮಲ್ಲಿಗೆ ಬರಬೇಕು.
ಲೆಕ್ಕವನ್ನು ಇಂಚಿನಲ್ಲೇ ಹೇಳಿದಳು. ಅಷ್ಟು ಮರ್ಯಾದೆ.

ನಮ್ಮ ಮಾತಿನಲ್ಲಿ ಕೊಬ್ಬು ಅಂದರೆ ಬೈಗುಳ,
ಎದುರು ಮಾತಾಡಿದವನಿಗೆ, ತಲೆ ತಗ್ಗಿಸದವನಿಗೆ.
ನನಗೆ ಯಾರೂ ಅಂದಿಲ್ಲ. ತಗ್ಗಿಸಿಯೇ ದುಡಿದೆ.
ಬಾಕಿ ಉಳಿಸಿ ಊರು ಬಿಟ್ಟವರನ್ನು ಹೊಟ್ಟೆಗೆ ಹಾಕಿಕೊಂಡೆ,
ಕಿಟಕಿಗೆ ಕಲ್ಲೆಸೆದ ಹುಡುಗರನ್ನು ಹೊಟ್ಟೆಗೆ ಹಾಕಿಕೊಂಡೆ,
ರಾತ್ರಿ ಹನ್ನೊಂದಕ್ಕೆ, ಮಷಿನ್ನಿನ ಪಕ್ಕ ನಿಂತು,
ಕಿತ್ತಳೆ ಚಿಪ್ಸನ್ನೂ.

ಮೊನ್ನೆ ಡೆಸ್ ಬಂದ. ಬಿಚ್ಚಿಸಲು ಅಲ್ಲ, ಹಿಡಿಸಲು.
ಆಸ್ಪತ್ರೆಯಲ್ಲಿ ಎರಡು ರಾತ್ರಿ ಮಲಗಿದ್ದನಂತೆ.
ಈಗ ಬೆಳಿಗ್ಗೆ ಕಾಲುವೆಯ ದಂಡೆ ನಡೆಯುತ್ತಾನೆ,
ಬಾತುಕೋಳಿಗಳಿಗೆಲ್ಲ ಹೆಸರಿಟ್ಟಿದ್ದಾನೆ.
ಮೊದಲು ಹೊರಡುವುದು ಒಳಗಿನದೇ ಅಂತೆ, ಅಂದ,
ಕನ್ನಡಿಗೆ ಸುಳಿವು ಸಿಗುವ ಮೊದಲೇ.
ಒಂದೂಕಾಲು ಇಂಚು. ಸೀಮೆಸುಣ್ಣದ ಗೆರೆ ಎಳೆದೆ.
ಹಳೆ ಹೊಲಿಗೆಯ ತೂತುಗಳು ಬಟ್ಟೆಯಲ್ಲಿ ಹಾಗೇ ಇದ್ದವು,
ಸಾಲು ಸಾಲು, ವರ್ಷ ವರ್ಷದ್ದು.
ಇಸ್ತ್ರಿಗೆ ಹೋಗುವಂಥವಲ್ಲ ಅವು.

ಶಟರ್ ಇಳಿಸಿದೆ. ಟ್ರಯಲ್ ರೂಮಿನಲ್ಲಿ ಅಂಗಿ ಎತ್ತಿದೆ.
ಮೂವತ್ತು ವರ್ಷ ಊರವರ ಸುತ್ತಳತೆ ತೆಗೆದ ಟೇಪು
ನನ್ನನ್ನು ಸುತ್ತಿದ್ದು ಇದೇ ಮೊದಲು.
ಮೈ ತಾನಾಗಿ ಮೋಸ ಮಾಡಿತು, ಉಸಿರು ಒಳಗೆಳೆದುಕೊಂಡಿತು:
ಮೂವತ್ತೈದು.

ಎಷ್ಟು ಜನಕ್ಕೆ ಹೇಳಿದ್ದೇನೆ ಇದೇ ಕನ್ನಡಿಯ ಮುಂದೆ,
ಉಸಿರು ಬಿಡಿ ಸಾರ್,
ಪ್ಯಾಂಟು ಹಾಕಿಕೊಂಡಮೇಲೂ ಬದುಕಬೇಕಲ್ಲ.

ಬಿಟ್ಟೆ.
ಬೆರಳುಗಳ ನಡುವೆ ಟೇಪು ಜಾರುತ್ತಾ ಹೋಯಿತು.
ಗೋಡೆಯಾಚೆ ಎಣ್ಣೆ ಚುಯ್ ಅಂದಿತು.