ಎಫ್ ಹನ್ನೆರಡು

ಕಂಕನಾಡಿಯ ಆಸ್ಪತ್ರೆ, ನೆಲಮಾಳಿಗೆಯ ದಾಖಲೆ ಕೋಣೆ.
ಲತೀಶ್ ಪುತ್ರನ್, ಇಪ್ಪತ್ತಮೂರು, ಬೆಂಗ್ರೆ.
ಫೈಲಿಗೆ ಇನ್ನೂ ಬಂಗುಡೆಯ ವಾಸನೆ,
ಸಹಿ ಹಾಕಿದ್ದು ತಾಯಿ, ದಕ್ಕೆಯಿಂದ ನೇರ ಬಂದವಳು.

ಡಾಕ್ಟರು ಬರೆದಿದ್ದಾರೆ: ಗಾಂಜಾ, ಆರು ವರ್ಷ.
ಅದರ ಕೆಳಗೆ: ಕಿವಿಯಲ್ಲಿ ದನಿಗಳು.
ನಡುವೆ ‘ಇದರಿಂದ ಅದು’ ಎಂಬ ಒಂದು ಮಾತಿಲ್ಲ.
ಅದಿಲ್ಲದೆ ಎರಡನ್ನೂ ನಾನು ಗಂಟು ಹಾಕುವಂತಿಲ್ಲ.
ಎಫ್ ಹನ್ನೆರಡು, ಚುಕ್ಕಿ, ಎರಡು...
ಮುಂದಿನ ಅಂಕಿಗೆ ಕರ್ಸರ್ ಮಿಣುಕುತ್ತದೆ.

ನರ್ಸ್ ಗ್ಲೆನಿಟಾ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದಾಳೆ:
ಬಾಗಿಲು ಹಾಕಿದರೂ ಬೋಟಿನ ಇಂಜಿನ್ ಕೇಳುತ್ತದಂತೆ.
ಅಪ್ಪನ ಬೋಟು. ವಾಪಸ್ ಬಾರದ್ದು.
ಪೆನ್ಸಿಲಿಗೆ ಕೋಡ್ ಇಲ್ಲ.

ಚೀಟಿ ಕಳಿಸಿದೆ: ಡಾಕ್ಟರೇ, ಬಳಕೆಯೋ, ಅವಲಂಬನೆಯೋ?
ದನಿಗಳು ಹೊಗೆಯವೋ, ಹೊಗೆಗಿಂತ ಮೊದಲಿನವೋ?

ದಾಖಲಾಗದ್ದು ನಡೆದೇ ಇಲ್ಲ,
ತರಬೇತಿಯ ಮೊದಲ ದಿನದ ಪಾಠ.
ಹಾಗಾದರೆ ನಮ್ಮ ವಲೇರಿಯನ್ ಅಣ್ಣನಿಗೆ ಏನೂ ಆಗಿರಲಿಲ್ಲ.
‘ಸ್ವಲ್ಪ ಗ್ಯಾಸ್ಟ್ರಿಕ್’ ಅಂದೆವು ವಠಾರಕ್ಕೆಲ್ಲ,
ಪಾದ್ರಿಗಳಿಗೂ.

ಉತ್ತರ ಬರುವವರೆಗೆ ಫೈಲು ಬಾಕಿ ಕಟ್ಟಿನಲ್ಲಿ.
ಪೆನ್ಸಿಲ್ ಗೆರೆ ಮಾತ್ರ ತೀರಾ ತೆಳು;
ಸ್ಕ್ಯಾನರಿನ ಕಪ್ಪು ಹೆಚ್ಚಿಸಿ
ಎರಡು ಸಲ ಹಾಯಿಸಿದೆ.