ತೂಕದ ಮನೆ

ಲಾರಿ ಬಂದು ತಕ್ಕಡಿಯ ಮೇಲೆ ನಿಲ್ಲುತ್ತದೆ,
ಬ್ರೇಕು ನಿಟ್ಟುಸಿರಿಡುತ್ತದೆ.
ಕಿಟಕಿಯೊಳಗೆ ನಾನು, ಕೈಗವಸು ಕಳಚಿ
ಅಂಕಿ ಬರೆದುಕೊಳ್ಳುತ್ತೇನೆ.
ಜೋಳ ಸುರಿದು ಮರಳಿದಾಗ ಇನ್ನೊಂದು ಅಂಕಿ.
ದೊಡ್ಡದರಿಂದ ಚಿಕ್ಕದನ್ನು ಕಳೆ.
ಹನ್ನೊಂದು ವರ್ಷ ಹೀಗೇ ಕಳೆದಿದ್ದೇನೆ.

ನೆಬ್ರಾಸ್ಕದ ಈ ಊರಿಗೆ ಬಡಗಣ ಗಾಳಿ ಬೀಸಿದರೆ
ಬೀದಿಬೀದಿಗೆ ಹುಳಿಬಂದ ದೋಸೆಹಿಟ್ಟಿನ ವಾಸನೆ.
ಮೊದಲ ದಿನ ಮೂಗರಳಿಸಿ ನಿಂತಿದ್ದೆ,
ಯಾರ ಅಡುಗೆಮನೆ ಇಷ್ಟು ದೊಡ್ಡದೆಂದು.
ಮೆಕ್ಕೆಜೋಳ, ಎಂದಳು ಲ್ಯಾಬಿನ ಅರ್ಲೀನ್:
ಅರೆದು, ಬೇಯಿಸಿ, ಹುದುಗಿಟ್ಟು
ಬಟ್ಟಿ ಇಳಿಸಿದರೆ ಬಾವಿನೀರಿನಷ್ಟು ತಿಳಿ.
ಯಾರೂ ಕದ್ದು ಕುಡಿಯದಿರಲೆಂದು
ಗೇಟು ದಾಟುವ ಮೊದಲೇ ಪೆಟ್ರೋಲು ಬೆರೆಸುತ್ತಾರೆ.
ಮನುಷ್ಯನಿಗೆ ನಂಜು, ಕಾರಿಗೆ ನೈವೇದ್ಯ.

ಮೂರನೆ ಬೀದಿಯ ಲುಮಿರ್ ಕೋಟಸ್‌ಗೆ ಎಪ್ಪತ್ತಾರು.
ಹುಲ್ಲು ಕತ್ತರಿಸುವ ಯಂತ್ರ, ದೋಣಿಯ ಮೋಟಾರು,
ಅಜ್ಜಂದಿರ ಕಾಲದ ಟ್ರಕ್ಕು,
ಏಪ್ರಿಲ್ ಬಂತೆಂದರೆ ಅವನ ಬಾಗಿಲಲ್ಲಿ ಸಾಲು.
ಚಳಿಗಾಲವಿಡೀ ಟ್ಯಾಂಕಿನಲ್ಲೇ ಮಲಗಿದ ಇಂಧನ
ಗಾಳಿಯ ತೇವ ಕುಡಿದೂ ಕುಡಿದೂ
ಕಾರ್ಬ್ಯುರೇಟರಿನ ಗಂಟಲಲ್ಲಿ ಹಸಿರು ಲೋಳೆ;
ರಬ್ಬರಿನ ನಳಿಗೆ ಹಳೆ ಚಪ್ಪಲಿಯಂತೆ ಬಿರಿದಿದೆ.
ಗಾಜಿನ ಜಾಡಿ ಬೆಳಕಿಗೆ ಹಿಡಿದು ತೋರಿಸಿದ,
ಮೇಲೆ ಹೊನ್ನು, ಕೆಳಗೆ ಮಬ್ಬು.
"ನೋಡು, ಸಂಸಾರ ಮುರಿದಿದೆ.
ಪೆಟ್ರೋಲು ಒಂಟಿಯಾಗಿ ಮೇಲೆ,
ಇವನು ನೀರಿನ ಕೈಹಿಡಿದು ತಳಕ್ಕೆ."
ಊಟ ಬಲ್ಲ ಎಂಜಿನ್ನಿಗೆ ರೋಗವಿಲ್ಲ,
ಅವನ ಬೈಗುಳವನ್ನು ಹೀಗೆ ತಿರುಗಿಸಿಕೊಂಡೆ.

ಅದೇ ಲುಮಿರ್ ಶನಿವಾರ ಸಂಜೆ
ಮಣ್ಣಿನ ಹಾದಿಯ ತನ್ನ ಕೆಂಪು ರೇಸುಕಾರಿಗೆ
ಎಂಬತ್ತೈದರ ಪಂಪಿನಿಂದಲೇ ತುಂಬಿಸುತ್ತಾನೆ.
ತಂಪಾಗಿ ಉರಿಯುತ್ತದಂತೆ, ಎಷ್ಟು ಒತ್ತಿದರೂ
ಎಂಜಿನ್ನು ಕಟಕಟ ಹಲ್ಲು ಕಡಿಯುವುದಿಲ್ಲವಂತೆ.
ಇದೇನು ಮಾರಾಯ ಎಂದರೆ ನಗುತ್ತಾನೆ:
"ಕೆಟ್ಟ ಯಂತ್ರ ನನ್ನ ಹೊಟ್ಟೆಪಾಡು, ಇದು ನನ್ನ ಖಯಾಲಿ.
ಎರಡಕ್ಕೂ ಅದೇ ಪಂಪು."

ನನ್ನ ಕಾರೂ ಅದನ್ನೇ ಕುಡಿಯುತ್ತದೆ.
ಗ್ಯಾಲನ್ನಿಗೆ ಅರವತ್ತು ಸೆಂಟು ಉಳಿಯಿತೆಂದು
ಲಿಂಕನ್ನಿನವರೆಗೆ ಹಾಡುತ್ತ ಹೋದೆ,
ವಾಪಸು ಬರುವಾಗ ಅರ್ಧದಾರಿಗೆ ಮುಳ್ಳು ಮಲಗಿತು.
ಜನವರಿಯ ಮುಂಜಾವು ಅದು ಕೆಮ್ಮುತ್ತದೆ
ತಾಸುಗಟ್ಟಲೆ, ನನ್ನ ಸೋದರಮಾವನ ಹಾಗೆ.

ಇಪ್ಪತ್ತೈದು ಕಿಲೋ ಜೋಳ, ಹೆಚ್ಚೂಕಡಿಮೆ ಮೂರು ಪಾಲು.
ಒಂದು ಟ್ಯಾಂಕಿಗೆ, ಒಂದು ದನದ ಬಾನಿಗೆ,
ಒಂದು ಗುಳ್ಳೆಗುಳ್ಳೆಯಾಗಿ ಆಕಾಶಕ್ಕೆ.
ಎರಡಕ್ಕೆ ಚೀಟಿ ಹರಿದು ಕೊಡುತ್ತೇನೆ,
ಮೂರನೆಯದು ನನ್ನ ತಕ್ಕಡಿ ಹತ್ತುವುದೇ ಇಲ್ಲ.
ಜೂನಿನಲ್ಲಿ ಎಲೆ ಉಂಡದ್ದನ್ನೇ
ಈಗ ಉಗುಳುತ್ತಿದೆ, ಸಾಲ ಸಂದಾಯ, ಎಂದಳು ಅರ್ಲೀನ್.
ಉಳುವ ಟ್ರ್ಯಾಕ್ಟರಿನ ಡೀಸೆಲ್ಲು? ಗೊಬ್ಬರ?
ಕಾಳು ಒಣಗಿಸುವ ಬೆಂಕಿ?
ಅದನ್ನು ಆಫೀಸಿನವರು ಲೆಕ್ಕ ಹಾಕುತ್ತಾರೆ, ಎಂದಳು.
ಶಾಲೆಗೆ ಹೊಸ ಸೂರು ಬಂದದ್ದು ಇದರ ತೆರಿಗೆಯಿಂದ.
ಪಕ್ಕದ ಮನೆಯ ಬೋರಿನ ಪೈಪು
ಈ ಬೇಸಿಗೆ ಇನ್ನೆಂಟು ಅಡಿ ಇಳಿದದ್ದು
ಯಾವುದರಿಂದ ಎಂದು ಯಾರೂ ಬರೆದಿಟ್ಟಿಲ್ಲ.

ನಿನ್ನೆ ಲಾರಿಯಿಂದ ಚೆಲ್ಲಿದ ಕಾಳನ್ನು
ಗುಬ್ಬಿಗಳಿಗೆ ಮೊದಲೇ ನಾನು ಬಾಚಿಕೊಂಡೆ.
ಒಂದು ಜೇಬು. ಹಲ್ಲಿಗೆ ಬಗ್ಗದ ಗಟ್ಟಿ.
ಕಾಫಿ ಮಿಲ್ಲಿನಲ್ಲಿ ಬೀಸಿ, ಕುದಿನೀರು ಹೊಯ್ದು
ನಾದಿ ತಟ್ಟಿದರೆ ಅಂಚೆಲ್ಲ ಬಿರುಕು,
ಆದರೂ ರೊಟ್ಟಿ ರೊಟ್ಟಿಯೇ.
ಮಧ್ಯಾಹ್ನ ತೂಕದ ಮನೆಯಲ್ಲಿ
ಅರ್ಲೀನ್‌ಗೆ ಅರ್ಧ ಮುರಿದು ಕೊಟ್ಟೆ.
ಹದಿನಾಲ್ಕು ವರ್ಷ ಇದನ್ನು ಇಂಧನ ಮಾಡಿದವಳು
ಮೂಸಿ, ಚೂರು ಅಗಿದು, ನಿಧಾನಕ್ಕೆ ಕೇಳಿದಳು:
"ಇದನ್ನು ತಿನ್ನಬಹುದಾ?"
ಉಪ್ಪು ಕಡಿಮೆ, ಎಂದೆ.
ಹೊರಗೆ ಲಾರಿ ಹಾರನ್ನು ಹೊಡೆಯಿತು.